‘ಏನಿಲ್ಲ, ಗ್ಯಾಸ್ ಅಷ್ಟೇ’ ಅನ್ನುವ ಅಪ್ಪಂದಿರಿಗೆ

ಹೆಂಡತಿಗೆ ಏಳು ತಿಂಗಳು ತುಂಬಿದ್ದಾಗ ಪರೀಕ್ಷೆಗೆಂದು ಕರೆದುಕೊಂಡು ಹೋಗಿದ್ದೆ. ನರ್ಸ್ ಅವಳ ಹೊಟ್ಟೆಯ ಮೇಲೆ ಪುಟ್ಟದೊಂದು ಯಂತ್ರ ಇಟ್ಟರು. ಕುದುರೆ ಓಡಿದ ಹಾಗೆ ಟಕಟಕ ಸದ್ದು. ‘142 ಇದೆ, ಮಗು ಚೆನ್ನಾಗಿದೆ’ ಅಂದರು. ಹೆಂಡತಿಯ ಕಣ್ಣಲ್ಲಿ ನೀರು ಬಂತು. ನಾನೂ ನಕ್ಕೆ. ಆದರೆ ತಲೆಯಲ್ಲಿ ಬೇರೆಯದೇ ಲೆಕ್ಕ ಓಡುತ್ತಿತ್ತು. ಹೊಟ್ಟೆಯೊಳಗಿನ ಕೂಸಿಗೆ ನಿಮಿಷಕ್ಕೆ 110ರಿಂದ 160 ಬಡಿತ ಇದ್ದರೆ ಅದು ಆರೋಗ್ಯ. ಸುಮ್ಮನೆ ಕೂತಿರುವ ದೊಡ್ಡವರಿಗೆ 60ರಿಂದ 100. ನನ್ನ ಎದೆ ಕೂತಲ್ಲೇ 142 ಬಡಿದರೆ ಅದು ಕಾಯಿಲೆ. ಕೆಲವೊಮ್ಮೆ ಅದು ಇನ್ನೂರರ ಹತ್ತಿರಕ್ಕೂ ಹೋಗುತ್ತದೆ. ಆ ಕೋಣೆಯಲ್ಲಿದ್ದ ಮೂವರಲ್ಲಿ ಈ ವಿಷಯ ನನಗೊಬ್ಬನಿಗೇ ಗೊತ್ತಿತ್ತು.

ಹೌದು, ಹೆಂಡತಿಗೂ ಗೊತ್ತಿರಲಿಲ್ಲ. ಈ ಬರಹ ಬರೆಯುತ್ತಿರುವುದೇ ಆ ತಪ್ಪಿನ ಬಗ್ಗೆ.

ನನಗೆ 29 ವರ್ಷ. ತುಮಕೂರು ಹತ್ತಿರದ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಖಾಸಗಿ ಕಂಪನಿಯೊಂದರ ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್. ಕಾಯಿಲೆ ಮೊದಲು ಕಾಣಿಸಿದ್ದು ಡಿಪ್ಲೊಮಾ ಓದುವಾಗ, ಕಬಡ್ಡಿ ಆಡುತ್ತಿದ್ದಾಗ. ಯಾರೋ ಸ್ವಿಚ್ ಹಾಕಿದ ಹಾಗೆ ಎದೆ ಒಮ್ಮೆಲೇ ಹೊಡೆದುಕೊಳ್ಳತೊಡಗಿತು. ಗಂಟಲಲ್ಲೂ ಬಡಿತ. ಗೆಳೆಯರು ಸೋಡಾ ಕುಡಿಸಿದರು. ಹತ್ತು ನಿಮಿಷದಲ್ಲಿ, ಸ್ವಿಚ್ ಆರಿಸಿದ ಹಾಗೆ, ನಿಂತೂ ಹೋಯಿತು. ಕ್ಲಿನಿಕ್ಕಿಗೆ ಹೋಗಿ ಇಸಿಜಿ ಮಾಡಿಸುವ ಹೊತ್ತಿಗೆ ಎಲ್ಲ ಸರಿಯಾಗಿತ್ತು. ‘ಗ್ಯಾಸ್ಟ್ರಿಕ್, ಟೆನ್ಷನ್ ಮಾಡ್ಕೋಬೇಡಿ’ ಅಂದರು. ಮುಂದಿನ ನಾಲ್ಕೈದು ವರ್ಷ ಇದೇ ಕತೆ. ಎದೆ ಓಡುವಾಗ ಇಸಿಜಿ ಇರುತ್ತಿರಲಿಲ್ಲ, ಇಸಿಜಿ ಇರುವಾಗ ಎದೆ ಓಡುತ್ತಿರಲಿಲ್ಲ. 2022ರಲ್ಲಿ ಒಂದು ಸಲ ಒಂದು ಗಂಟೆಯಾದರೂ ನಿಲ್ಲಲಿಲ್ಲ. ಆಗ ಕಾಗದದ ಮೇಲೆ ಸಿಕ್ಕಿಬಿತ್ತು. ಹೆಸರು ಎಸ್‌ವಿಟಿ, ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ.

ಪೈಪು ಬೇರೆ, ಸ್ಟಾರ್ಟರ್ ಬೇರೆ

ನಮ್ಮಲ್ಲಿ ಎದೆಗೆ ಸಂಬಂಧಿಸಿದ ಯಾವುದಾದರೂ ‘ಹಾರ್ಟ್ ಪ್ರಾಬ್ಲಮ್’. ಎಲ್ಲಕ್ಕೂ ಒಂದೇ ಹೆಸರು, ಒಂದೇ ಭಯ. ತೋಟದ ಬೋರ್‌ವೆಲ್ ನೋಡಿದವರಿಗೆ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಪೈಪು ಕಟ್ಟಿಕೊಂಡು ನೀರು ನಿಲ್ಲುವುದು ಒಂದು ತೊಂದರೆ. ಪೈಪು ಸರಿಯಿದ್ದು ಸ್ಟಾರ್ಟರ್, ವೈರಿಂಗ್ ಕೈಕೊಡುವುದು ಇನ್ನೊಂದು. ಹೃದಯಾಘಾತ ಮೊದಲನೆಯದು. ಹೃದಯದ ಮಾಂಸಖಂಡಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ. ನನ್ನದು ಎರಡನೆಯದು, ಲಯದ ತೊಂದರೆ. ಇನ್ನು ಹೃದಯಸ್ತಂಭನ ಅಂದರೆ ಮೋಟಾರೇ ನಿಂತ ಹಾಗೆ. ಮೊದಲ ಎರಡರಲ್ಲಿ ಯಾವುದೂ ಅಲ್ಲಿಗೆ ಕೊಂಡೊಯ್ಯಬಹುದು, ಆದರೆ ಮೂರೂ ಒಂದೇ ಅಲ್ಲ.

ಹೃದಯದ ಮೇಲ್ಭಾಗದಲ್ಲಿ ತಾನಾಗಿಯೇ ಕರೆಂಟು ಹುಟ್ಟಿಸುವ ಒಂದು ಜಾಗವಿದೆ. ಅಲ್ಲಿಂದ ಹೊರಟ ಕರೆಂಟು ನಡುವಿನ ಒಂದು ಜಂಕ್ಷನ್ ದಾಟಿ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಒಂದು ಸಲ ಇಳಿದರೆ ಒಂದು ಬಡಿತ. ನನ್ನಂಥವರಿಗೆ ಆ ಜಂಕ್ಷನ್‌ನಲ್ಲಿ ಒಂದರ ಬದಲು ಎರಡು ದಾರಿ. ಕರೆಂಟು ಒಂದು ದಾರಿಯಲ್ಲಿ ಇಳಿದು, ಇನ್ನೊಂದರಲ್ಲಿ ಹತ್ತಿ, ಅಲ್ಲೇ ಗಿರಗಿರ ಸುತ್ತತೊಡಗಿದರೆ ಪ್ರತಿ ಸುತ್ತಿಗೂ ಒಂದು ಬಡಿತ. ಎಲೆಕ್ಟ್ರಿಷಿಯನ್ ಆದ ನನಗೆ ಡಾಕ್ಟರು ಇದನ್ನು ವಿವರಿಸಿದಾಗ ನಗು ಬಂದಿತ್ತು. ಊರಿನ ಮೆಷಿನ್‌ಗಳನ್ನೆಲ್ಲ ರಿಪೇರಿ ಮಾಡುವವನ ಎದೆಯಲ್ಲೇ ವೈರಿಂಗ್ ಫಾಲ್ಟು!

ಉಳಿದಂತೆ ಹೃದಯ ಗಟ್ಟಿಯಾಗಿದ್ದವರಿಗೆ ಈ ಬಗೆಯ ತೊಂದರೆಯಿಂದ ಪ್ರಾಣಕ್ಕೆ ಅಪಾಯ ಬಹಳ ಕಡಿಮೆ ಎಂದೂ ಅವರು ಹೇಳಿದರು. ಆದರೆ ತಲೆ ಸುತ್ತಬಹುದು, ಕಣ್ಣು ಕತ್ತಲೆ ಬರಬಹುದು. ಏಣಿಯ ಮೇಲಿದ್ದಾಗ, ಬೈಕ್ ಓಡಿಸುವಾಗ ಬಂದರೆ ಕಷ್ಟ. ಲಯದ ತೊಂದರೆಗಳೆಲ್ಲ ಇಷ್ಟು ಸಾಧುವೂ ಅಲ್ಲ. ಕೆಲವು ವಂಶದಲ್ಲಿ ಹರಿದು ಬರುತ್ತವೆ, ಎಳೆಯ ವಯಸ್ಸಿನವರನ್ನೂ ಬಲಿ ತೆಗೆದುಕೊಳ್ಳುತ್ತವೆ. ಹಾಗಾಗಿ ನಮ್ಮದು ಯಾವ ಬಗೆ ಎಂದು ತಿಳಿದುಕೊಳ್ಳುವುದೇ ಮೊದಲ ಕೆಲಸ.

ನನಗೆ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ನಿದ್ದೆ ಕೆಡಬೇಡಿ, ಕಾಫಿ ಕಡಿಮೆ ಮಾಡಿ, ಮದ್ಯ ಬೇಡ, ನೆಗಡಿ ಮಾತ್ರೆ ಕೇಳದೆ ನುಂಗಬೇಡಿ ಅಂದರು. ಆಗಾಗ ಬರುತ್ತಿದ್ದರೆ ಅಬ್ಲೇಷನ್ ಮಾಡಿಸಿಕೊಳ್ಳಬಹುದು ಎಂದೂ ಹೇಳಿದರು. ತೊಡೆಯ ರಕ್ತನಾಳದಿಂದ ತೆಳುವಾದ ತಂತಿ ಕಳಿಸಿ ಆ ಹೆಚ್ಚುವರಿ ದಾರಿಯನ್ನು ಸುಟ್ಟುಬಿಡುವ ಚಿಕಿತ್ಸೆ ಅದು. ನೂರಕ್ಕೆ ತೊಂಬತ್ತೈದು ಮಂದಿಗೆ ಫಲ ಕೊಡುತ್ತದೆ. ‘ಮುಂದೆ ನೋಡೋಣ ಸಾರ್’ ಅಂದು ಬಂದೆ. ಯಾಕೆಂದರೆ ಮನೆಯಲ್ಲಿ ಹೆಣ್ಣು ನೋಡುತ್ತಿದ್ದರು.

ಬಿಪಿ ಮಾತ್ರೆಯ ಸುಳ್ಳು

‘ಇದನ್ನೆಲ್ಲ ಹೇಳಕ್ಕೆ ಹೋಗ್ಬೇಡ ಕಣೋ. ಹಾರ್ಟು ಅಂದ್ರೆ ಯಾರು ಹೆಣ್ಣು ಕೊಡ್ತಾರೆ?’ ಅಂದರು ಅಮ್ಮ. ಅವರನ್ನು ದೂರಲಾರೆ. ಅವರ ಭಯ ಸುಳ್ಳಲ್ಲ. 2023ರಲ್ಲಿ ಅರಸೀಕೆರೆ ಕಡೆಯ ಹುಡುಗಿಯ ಜೊತೆ ಮದುವೆಯಾಯಿತು. ಮಾತ್ರೆಯ ಪಟ್ಟಿ ನೋಡಿ ಅವಳು ಕೇಳಿದಾಗ ‘ಬಿಪಿಗೆ’ ಅಂದೆ. ಆ ಮಾತ್ರೆಯನ್ನು ಬಿಪಿಗೂ ಕೊಡುತ್ತಾರೆ ನೋಡಿ, ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅರ್ಧ ನಿಜ ಹೇಳಿದವನಿಗೆ ಉಳಿದರ್ಧ ಹೇಳಲು ಸರಿಯಾದ ಗಳಿಗೆ ಸಿಗುವುದೇ ಇಲ್ಲ.

2025ರ ಮೇ ಕೊನೆಯಲ್ಲಿ ಮಗಳು ಹುಟ್ಟಿದಳು. ಚೊಚ್ಚಲ ಹೆರಿಗೆ, ಹಾಗಾಗಿ ತವರಲ್ಲೇ ಬಾಣಂತನ. ನಾನು ವಾರವೆಲ್ಲ ಶಿಫ್ಟ್ ಮುಗಿಸಿ ಶನಿವಾರ ಹೊರಡುತ್ತಿದ್ದೆ. ಭಾನುವಾರ ಸಂಜೆ ವಾಪಸ್. ನೈಟ್ ಶಿಫ್ಟ್ ವಾರವಾದರೆ ನೇರ ಫ್ಯಾಕ್ಟರಿಯಿಂದಲೇ ಬಸ್‌ಸ್ಟ್ಯಾಂಡಿಗೆ. ಅಲ್ಲಿ ನಾನು ಅಪ್ಪನಿಗಿಂತ ಹೆಚ್ಚಾಗಿ ನೆಂಟ. ಬಾಣಂತಿ ಕೋಣೆಗೆ ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ ಎಲ್ಲ ಹೋಗುತ್ತಿತ್ತು. ನಾನು ಹಜಾರದಲ್ಲಿ ಕೂತು ಬಾಗಿಲು ನೋಡುತ್ತಿದ್ದೆ. ಅತ್ತೆ ಕೊಟ್ಟ ಕಾಫಿ ಬೇಡ ಅಂದರೆ ‘ಅಳಿಯಂದಿರು ಯಾಕೋ ಮುನಿಸಿಕೊಂಡಿದಾರೆ’ ಎಂದು ಅಡುಗೆಮನೆಯಲ್ಲಿ ಪಿಸುಮಾತು. ಕೊನೆಗೆ ಕಾಫಿ ಕುಡಿಯುವುದೇ ಸುಲಭ ಅನ್ನಿಸಿತು.

ಅದೇ ಸಮಯಕ್ಕೆ ಹಾಸನ ಜಿಲ್ಲೆಯ ಸುದ್ದಿ ಶುರುವಾಯಿತು. ನಲವತ್ತು ದಿನಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯದ ತೊಂದರೆಯಿಂದ ತೀರಿಕೊಂಡರು, ಅದರಲ್ಲಿ ಯುವಕರೂ ಇದ್ದಾರೆ ಎಂದು ಟಿವಿಯಲ್ಲಿ ದಿನವಿಡೀ ಬಂತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಮಾವನವರ ಮನೆಯಲ್ಲೂ ಬೇರೆ ಮಾತೇ ಇಲ್ಲ. ಇಂಥ ಮನೆಯಲ್ಲಿ ಕೂತು ‘ನನಗೂ ಒಂದು ತೊಂದರೆ ಇದೆ’ ಎಂದು ಬಾಯಿ ಬಿಡುವುದು ಹೇಗೆ?

ಆ ರಾತ್ರಿ

ಜುಲೈ ಮೊದಲ ವಾರದ ಒಂದು ಶನಿವಾರ. ನೈಟ್ ಶಿಫ್ಟ್ ವಾರ ಮುಗಿಸಿ ಬಂದಿದ್ದೆ, ಹಗಲಲ್ಲೂ ಕಣ್ಣು ಮುಚ್ಚಿರಲಿಲ್ಲ. ರಾತ್ರಿ ಎರಡರ ಸುಮಾರಿಗೆ ಮಗು ಅತ್ತಿತು. ಹೆಂಡತಿ ಸುಸ್ತಾಗಿ ಮಲಗಿದ್ದಳು, ಎಬ್ಬಿಸಲು ಮನಸ್ಸಾಗಲಿಲ್ಲ. ನಾನೇ ಎತ್ತಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದೆ. ಅಷ್ಟರಲ್ಲಿ ಸ್ವಿಚ್ ಬಿತ್ತು.

ಎದೆ ಓಡತೊಡಗಿತು. ಕಿವಿಯಲ್ಲಿ ಗುಂಯ್ ಅಂತು. ಗೋಡೆಯ ಅಂಚು ಮಸುಕಾಯಿತು. ತೋಳಲ್ಲಿ ಒಂದೂವರೆ ತಿಂಗಳ ಕೂಸು. ಆಗ ನನ್ನ ತಲೆಗೆ ಬಂದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕೂಗಬೇಕು ಅನ್ನಿಸಲಿಲ್ಲ. ‘ಕೂಗಿದರೆ ಎಲ್ಲರಿಗೂ ಗೊತ್ತಾಗುತ್ತದೆ’ ಅನ್ನಿಸಿತು. ಮಗು ಹಿಡಿದುಕೊಂಡು ಅಷ್ಟು ಹೊತ್ತು, ಬಹುಶಃ ಅರ್ಧ ನಿಮಿಷ, ಸುಮ್ಮನೆ ನಿಂತಿದ್ದೆ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಜಾರಿ ಕೂತೆ. ಕೂಸನ್ನು ಚಾಪೆಯ ಮೇಲೆ ಇಳಿಸಿದೆ. ಅದರ ಅಳು ಜೋರಾಗಿ ಹೆಂಡತಿ ಎದ್ದಳು.

‘ಏನಾಯ್ತುರೀ?’

‘ಏನಿಲ್ಲ, ಗ್ಯಾಸ್ ಅಷ್ಟೇ.’

ಅವಳು ನನ್ನ ಎದೆಯ ಮೇಲೆ ಕೈ ಇಟ್ಟಳು. ಅಂಗಿಯ ಮೇಲೂ ಬಡಿತ ಕಾಣುತ್ತಿತ್ತು. ‘ಇದು ಗ್ಯಾಸಾ?’ ಅಂದಳು. ಆ ಎರಡು ಪದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾವ ಪಕ್ಕದ ಮನೆಯವರ ಕಾರು ಕರೆಸಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದರು. ಇಸಿಜಿಯಲ್ಲಿ 196. ‘ಒಂದೆರಡು ಸೆಕೆಂಡು ಎಲ್ಲ ನಿಂತ ಹಾಗೆ ಅನ್ನಿಸುತ್ತೆ, ಹೆದರ್ಬೇಡಿ’ ಎಂದು ಹೇಳಿಯೇ ಡಾಕ್ಟರು ಅಡೆನೊಸಿನ್ ಇಂಜೆಕ್ಷನ್ ಕೊಟ್ಟರು. ಹಾಗೇ ಆಯಿತು. ಎದೆಯೊಳಗೆ ಹಳ್ಳಕ್ಕೆ ಬಿದ್ದಂತೆ ಒಂದು ಗಳಿಗೆ. ಆಮೇಲೆ 84. ಬೆಳಗ್ಗೆ ಮನೆಗೆ ಬಂದೆವು.

ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಫೋನಿನಲ್ಲಿ ಹೇಳಿದಳು: ‘ಕಾಯಿಲೆ ಇದೆ ಅಂತ ನನಗೆ ಕೋಪ ಇಲ್ಲ. ಬಿಪಿ ಮಾತ್ರೆ ಅಂದ್ರಲ್ಲ, ಅದಕ್ಕೆ ಕೋಪ. ನನಗೆ ಗೊತ್ತಿದ್ದಿದ್ರೆ ನೈಟ್ ಶಿಫ್ಟ್ ಮುಗಿಸಿ ಬಂದೋರ ಕೈಗೆ ರಾತ್ರಿ ಮಗು ಬಿಡ್ತಿದ್ನಾ? ನೀವು ಎತ್ಕೊಂಡೇ ಬಿದ್ದಿದ್ರೆ?’

ಇಷ್ಟು ದಿನ ನಾನು ಮುಚ್ಚಿಟ್ಟದ್ದು ನನ್ನ ಕಾಯಿಲೆ ಎಂದುಕೊಂಡಿದ್ದೆ. ಅವಳ ಮಾತು ಕೇಳಿದ ಮೇಲೆ ತಿಳಿಯಿತು, ನಾನು ಮುಚ್ಚಿಟ್ಟದ್ದು ಮಗುವಿನ ಸುರಕ್ಷತೆಗೆ ಬೇಕಾದ ಒಂದು ಮಾಹಿತಿಯನ್ನು.

ಭಯ ಸಾಲಿಗೆ ನಿಲ್ಲಿಸುತ್ತದೆ, ನಾಚಿಕೆ ಮನೆಗೆ ಕರೆತರುತ್ತದೆ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಆ ವಾರವಿಡೀ ಆಸ್ಪತ್ರೆಗಳಲ್ಲಿ ಹೃದಯ ತಪಾಸಣೆಗೆ ನೂಕುನುಗ್ಗಲು. ಹಾಸನದ ಸುದ್ದಿ ಬಂದಾಗಲೂ ಅದೇ. ಆಮೇಲೆ ಏನಾಯಿತು? ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಹಾಸನದ ಸಾವುಗಳನ್ನು ಪರಿಶೀಲಿಸಿತು. ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಕಾಣುತ್ತಿಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಕಾರಣಗಳೇ ಹಲವರಲ್ಲಿ ಇದ್ದವು ಎಂಬ ವರದಿ ಬಂತು. ವರದಿ ಬರುವ ಹೊತ್ತಿಗೆ ಸಾಲು ಕರಗಿತ್ತು. ಭಯ ಇದ್ದಷ್ಟು ದಿನ ನಾವು ಟೋಕನ್ ಹಿಡಿದು ನಿಲ್ಲುತ್ತೇವೆ. ಭಯ ಇಳಿದ ಮೇಲೆ ಮತ್ತೆ ‘ಗಂಡಸು ಅಂದ್ಮೇಲೆ ಸಣ್ಣಪುಟ್ಟದ್ದಕ್ಕೆಲ್ಲ ಆಸ್ಪತ್ರೆಯಾ’ ಅನ್ನುತ್ತೇವೆ.

ಅಪ್ಪನಾದವನ ವಿಷಯದಲ್ಲಿ ಇದು ಇನ್ನೂ ಹೆಚ್ಚು. ನಮ್ಮಲ್ಲಿ ಒಳ್ಳೆಯ ಅಪ್ಪ ಅಂದರೆ ಹೇಳಿಕೊಳ್ಳದೆ ಸಹಿಸುವವನು. ಹರಿದ ಬನಿಯನ್ ಹಾಕಿಕೊಂಡು ಮಕ್ಕಳಿಗೆ ಹೊಸ ಬಟ್ಟೆ ತರುವವನು. ಈ ಚಿತ್ರ ನೋಡುತ್ತಲೇ ಬೆಳೆದಿದ್ದೇವೆ, ಅದರಲ್ಲಿ ಪ್ರೀತಿಯೂ ಇದೆ. ಆದರೆ ಹೇಳಿಕೊಳ್ಳದೆ ಸಹಿಸಿದ ಎಷ್ಟು ಅಪ್ಪಂದಿರು ಒಂದು ಬೆಳಗ್ಗೆ ‘ಚೆನ್ನಾಗೇ ಇದ್ದರು, ಏನಾಯ್ತೋ ಗೊತ್ತಿಲ್ಲ’ ಅನ್ನಿಸಿಕೊಂಡು ಹೋಗಿದ್ದಾರೆ? ಚೆನ್ನಾಗಿದ್ದರೋ, ಹೇಳಿರಲಿಲ್ಲವೋ?

ಇದು ಬರೀ ಮನಸ್ಸಿನ ವಿಷಯವೂ ಅಲ್ಲ. ಕಾನೂನು ನೋಡಿ. 2017ರ ತಿದ್ದುಪಡಿಯ ನಂತರ ತಾಯಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆ ಇದೆ, ಅದು ಬೇಕೇ ಬೇಕು. ಕೇಂದ್ರ ಸರ್ಕಾರಿ ನೌಕರನಾದರೆ ತಂದೆಗೆ 15 ದಿನ ಪಿತೃತ್ವ ರಜೆ ಸಿಗುತ್ತದೆ. ಖಾಸಗಿ ಕಂಪನಿಯಲ್ಲಿರುವ ನನ್ನಂಥವನಿಗೆ ಇಷ್ಟು ದಿನ ಕೊಡಲೇಬೇಕು ಎಂಬ ಕಾನೂನೇ ಇಲ್ಲ. ನಾನು ಹಾಕಿದ್ದು ಮೂರು ದಿನ, ಅದೂ ನನ್ನದೇ ರಜೆಯಲ್ಲಿ. ನಾಲ್ಕನೇ ದಿನ ನೈಟ್ ಶಿಫ್ಟ್. ‘ಅಪ್ಪ ಆದವನಿಗೆ ರಜೆ ಯಾಕೆ, ಹಾಲು ಕುಡಿಸ್ತೀಯಾ?’ ಎಂದು ಜೊತೆಯವರು ತಮಾಷೆ ಮಾಡಿದರು. ನಾನೂ ನಕ್ಕಿದ್ದೆ. ಹಾಲು ಕುಡಿಸಲು ಅಲ್ಲ, ನಿದ್ದೆಗೆ ಬೇಕಿತ್ತು ಆ ರಜೆ. ಬಾಣಂತಿಯ ನಿದ್ದೆಗೆ, ನನ್ನ ನಿದ್ದೆಗೆ.

ಹೇಳಿದರೆ ನಷ್ಟ ಇಲ್ಲವೇ?

ಇದೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡಲಾರೆ. ಸೂಪರ್‌ವೈಸರ್‌ಗೆ ಇಸಿಜಿ ತೋರಿಸಿ ವಿಷಯ ತಿಳಿಸಿದೆ. ನೈಟ್ ಶಿಫ್ಟ್ ತೆಗೆದರು. ಜೊತೆಗೆ ನೈಟ್ ಭತ್ಯೆಯೂ ಹೋಯಿತು. ಡಯಾಪರ್, ಲಸಿಕೆ, ಬಸ್ಸಿನ ಖರ್ಚು ಇರುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಎತ್ತರದ ಕೆಲಸಕ್ಕೆ ನನ್ನನ್ನು ಕರೆಯುವುದಿಲ್ಲ. ಮುಂದಿನ ಬಡ್ತಿಯಲ್ಲಿ ಇದು ಅಡ್ಡ ಬರುತ್ತದೋ ಏನೋ. ಕಾಂಟ್ರ್ಯಾಕ್ಟ್ ಮೇಲೆ ಇರುವ ಹುಡುಗನಾಗಿದ್ದರೆ ಕೆಲಸವೇ ಹೋಗುತ್ತಿತ್ತೇನೋ. ಹಾಗಾಗಿ ‘ಧೈರ್ಯವಾಗಿ ಹೇಳಿ’ ಎಂದು ಯುವಕರಿಗೆ ಹೇಳುವ ಮೊದಲು, ಹೇಳಿದವನನ್ನು ಶಿಕ್ಷಿಸಬೇಡಿ ಎಂದು ಕಂಪನಿಗಳಿಗೆ ಹೇಳಬೇಕು. ಶಿಫ್ಟ್ ಬದಲಿಸಿದ ಮಾತ್ರಕ್ಕೆ ಕೆಲಸಗಾರ ಕೆಟ್ಟವನಾಗುವುದಿಲ್ಲ. ಖಾಸಗಿ ವಲಯಕ್ಕೂ ಕನಿಷ್ಠ 15 ದಿನಗಳ ಪಿತೃತ್ವ ರಜೆ ಕಾನೂನಾಗಲಿ. ಇದು ಗಂಡಸರಿಗೆ ಕೊಡುವ ಉಡುಗೊರೆಯಲ್ಲ. ಹೆತ್ತವಳಿಗೂ ಅದರಲ್ಲಿ ಅರ್ಧ ಪಾಲಿದೆ.

ಇರುವ ಸೌಲಭ್ಯವೂ ನಮಗೆ ಗೊತ್ತಿರುವುದಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ವೈದ್ಯರ ಪ್ರಮಾಣಪತ್ರ ಇದ್ದರೆ, ನಿಯಮದಂತೆ, ಕಾಯಿಲೆಯ ರಜೆಗೆ ವೇತನದ ಶೇ 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ನಮ್ಮ ಲೈನಿನಲ್ಲಿ ಹತ್ತು ಜನರನ್ನು ಕೇಳಿದೆ. ಸಂಬಳದಲ್ಲಿ ಹಣ ಕಡಿತವಾಗುವುದು ಎಲ್ಲರಿಗೂ ಗೊತ್ತಿತ್ತು. ಈ ಸೌಲಭ್ಯ ಗೊತ್ತಿದ್ದದ್ದು ಒಬ್ಬನಿಗೆ.

ನಷ್ಟದ ಜೊತೆಗೆ ಸಿಕ್ಕಿದ್ದೂ ಇದೆ. ಈಗ ನಮ್ಮ ಮನೆಯಲ್ಲಿ ಕೆಲವು ನಿಯಮಗಳಿವೆ. ರಾತ್ರಿ ಮಗು ಅತ್ತರೆ ನಾನು ಕೂತೇ ಆಡಿಸುತ್ತೇನೆ, ಎತ್ತಿಕೊಂಡು ನಡೆಯುವುದಿಲ್ಲ. ಸ್ವಿಚ್ ಬಿದ್ದರೆ ಮೊದಲು ಮಗು ನೆಲಕ್ಕೆ, ಆಮೇಲೆ ಕೂಗು. ಡಾಕ್ಟರು ಒಂದು ಉಪಾಯವನ್ನೂ ಕಲಿಸಿಕೊಟ್ಟಿದ್ದಾರೆ. ಖಾಲಿ ಸಿರಿಂಜಿನ ತುದಿಗೆ ಬಾಯಿಟ್ಟು ಹದಿನೈದು ಸೆಕೆಂಡು ಜೋರಾಗಿ ಊದಬೇಕು, ತಕ್ಷಣ ಮಲಗಬೇಕು, ಜೊತೆಯಲ್ಲಿದ್ದವರು ಕಾಲು ಎತ್ತಿ ಹಿಡಿಯಬೇಕು. 2015ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನದಲ್ಲಿ ಹೀಗೆ ಮಾಡಿದವರಲ್ಲಿ ಶೇ 43 ಮಂದಿಗೆ ಬಡಿತ ಸರಿದಾರಿಗೆ ಬಂತು. ಕಾಲು ಎತ್ತದೆ ಬರೀ ಊದಿದವರಲ್ಲಿ ಶೇ 17 ಮಂದಿಗೆ ಮಾತ್ರ. ಇದು ಎಲ್ಲರಿಗೂ ಎಲ್ಲ ಬಗೆಯ ತೊಂದರೆಗೂ ಅಲ್ಲ, ನಿಮ್ಮ ಡಾಕ್ಟರನ್ನು ಕೇಳಿಯೇ ಮಾಡಬೇಕು. ಆದರೆ ಒಂದು ಮಾತು ಗಮನಿಸಿ: ಕಾಲು ಎತ್ತಲು ಇನ್ನೊಬ್ಬರು ಬೇಕು. ಗುಟ್ಟಾಗಿ ಇಟ್ಟುಕೊಂಡವನ ಕಾಲು ಎತ್ತುವವರು ಯಾರು?

ಮಗಳಿಗೂ ಬಂದಿರಬಹುದೇ ಎಂದು ಹೆಂಡತಿ ಕೇಳಿದಳು. ನನ್ನ ಬಗೆಯದು ಸಾಮಾನ್ಯವಾಗಿ ಹಾಗೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಆದರೂ ಮಕ್ಕಳ ಡಾಕ್ಟರಿಗೆ ನನ್ನ ವಿಷಯ ತಿಳಿಸಿ ಎಂದರು, ತಿಳಿಸಿದ್ದೇವೆ. ಮೊದಲ ಸಲ ಒಬ್ಬಳೇ ಹೊರಬೇಕಿಲ್ಲದ ಭಯ ಅದು, ನಾನೂ ಒಬ್ಬನೇ ಹೊರಬೇಕಿಲ್ಲದ್ದು.

ಅತ್ತೆ ಮನೆಯಲ್ಲಿ ಈಗ ಕಾಫಿ ಬದಲು ಮಜ್ಜಿಗೆ ಬರುತ್ತದೆ. ಮಾವನವರು ಆ ರಾತ್ರಿಯ ಬಗ್ಗೆ ಏನೂ ಮಾತಾಡಿರಲಿಲ್ಲ. ‘ಮೊದಲೇ ಹೇಳಬಹುದಿತ್ತಲ್ಲ’ ಎಂದೂ ಕೇಳಲಿಲ್ಲ. ಒಂದು ತಿಂಗಳ ನಂತರ, ಬಸ್ ಹತ್ತಿಸಲು ಬಂದವರು ಆಚೀಚೆ ನೋಡಿ ಮೆಲ್ಲಗೆ ಕೇಳಿದರು: ‘ತೋಟದ ಏರು ಹತ್ತುವಾಗ ಎದೆ ಹಿಡಿದ ಹಾಗೆ ಆಗುತ್ತಪ್ಪ. ಸುಮಾರು ದಿನದಿಂದ. ಮನೇಲಿ ಹೇಳಿಲ್ಲ. ನಿಮ್ಮ ಡಾಕ್ಟ್ರು ನನ್ನೂ ನೋಡ್ತಾರಾ?’ ಮುಂದಿನ ವಾರ ಕರೆದುಕೊಂಡು ಹೋದೆ. ಅವರದು ಪೈಪಿನ ತೊಂದರೆ. ಬೇಗ ಗೊತ್ತಾಯಿತು, ಚಿಕಿತ್ಸೆ ನಡೆಯುತ್ತಿದೆ.

ನನ್ನ ಅಬ್ಲೇಷನ್‌ಗೆ ಮುಂದಿನ ತಿಂಗಳು ದಿನ ಗೊತ್ತಾಗಿದೆ. ಜಂಕ್ಷನ್ನಿಗೇ ಪೆಟ್ಟು ಬಿದ್ದು ಪೇಸ್‌ಮೇಕರ್ ಬೇಕಾಗುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದಿದ್ದಾರೆ. ಭಯ ಇಲ್ಲ ಎಂದರೆ ಮತ್ತೆ ಬಿಪಿ ಮಾತ್ರೆಯ ಸುಳ್ಳಾಗುತ್ತದೆ. ಭಯ ಇದೆ. ಅದನ್ನೂ ಹೆಂಡತಿಗೆ ಹೇಳಿದ್ದೇನೆ.

ಈ ಪುಟ ಓದುವ ಹುಡುಗರಲ್ಲಿ ಹೊಸದಾಗಿ ಅಪ್ಪನಾದವರು, ಆಗಲಿರುವವರು ಇರುತ್ತೀರಿ. ಎದೆ ಇರಲಿ, ಸಕ್ಕರೆ ಇರಲಿ, ಫಿಟ್ಸ್ ಇರಲಿ, ನಿದ್ದೆ ಬಾರದ ಮನಸ್ಸಿನ ಭಾರವೇ ಇರಲಿ. ತೊಟ್ಟಿಲು, ಬಟ್ಟೆ, ಹೆಸರು ಎಲ್ಲ ಹುಡುಕುವಿರಂತೆ. ಅದಕ್ಕೂ ಮೊದಲು ಇವತ್ತು ರಾತ್ರಿ ಊಟವಾದ ಮೇಲೆ ಟಿವಿ ಆರಿಸಿ, ಮನೆಯವರ ಪಕ್ಕ ಕೂತು, ಉಳಿದರ್ಧ ನಿಜವನ್ನೂ ಹೇಳಿಬಿಡಿ.